ಬಾಣಂತಿಯ ಕೈಗೆ ಉಲ್ಲನ್ ಕಡ್ಡಿ

ಪಾಟಿಯ ಎಡಗಣ್ಣಿನಲ್ಲಿ ಹೂ ಬಿದ್ದಿತ್ತು. ಕಪ್ಪು ಇರಬೇಕಾದ ಜಾಗದಲ್ಲಿ ಹಾಲಿನ ಕೆನೆಯ ಹಾಗೆ ಬಿಳಿ. ಆ ಕಡೆಯ ಕನ್ನಡಕದ ಗಾಜು ಬರೀ ಶೋಕಿಗೆ. ಬಲಗಡೆಯದು ಮಾತ್ರ ಸೋಡಾ ಬಾಟಲಿಯ ತಳದಷ್ಟು ದಪ್ಪ. ಕನ್ನಡಕದ ಒಂದು ಕಾಲು ಯಾವ ಕಾಲದಲ್ಲಿ ಮುರಿದಿತ್ತೋ, ಅದನ್ನು ಉಲ್ಲನ್ ದಾರದಿಂದ ಕಿವಿಗೆ ಕಟ್ಟಿಕೊಳ್ಳುತ್ತಿದ್ದರು. ಆ ತಿಂಗಳು ಏನು ಹೆಣೆಯುತ್ತಿದ್ದರೋ ಅದೇ ಬಣ್ಣದ ದಾರ. ಕಿವಿಯ ಹಿಂದೆ ಗಿಳಿಹಸಿರು ಕಂಡರೆ ಯಾರದೋ ಮನೆಯ ಮಗುವಿಗೆ ಸ್ವೆಟರ್, ಕಂದು ಕಂಡರೆ ಯಾವುದೋ ತಾತನಿಗೆ ಮಂಕಿ ಕ್ಯಾಪ್ ಎಂದು ನಮ್ಮ ಸಾಲಿನವರೆಲ್ಲ ಊಹೆ ಮಾಡುತ್ತಿದ್ದೆವು.

ನಮ್ಮ ಸಾಲು ಎಂದರೆ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸಿನ ಒಂದು ಸಾಲು. ನಮ್ಮಪ್ಪ, ಪಾಟಿಯ ಗಂಡ ಇಬ್ಬರೂ ಕಾರ್ಖಾನೆಯವರು. ರಸ್ತೆಯ ಈಚೆ ನಮ್ಮ ಮನೆ, ಆಚೆ ಅವರದು. ಪಾಟಿ ಎಂದರೆ ತಮಿಳಿನಲ್ಲಿ ಅಜ್ಜಿ. ಅವರ ಮೊಮ್ಮಕ್ಕಳು ಕರೆದದ್ದನ್ನು ಕೇಳಿ ನಾವು ಕರೆದೆವು, ನಮ್ಮನ್ನು ಕೇಳಿ ಅಮ್ಮ ಕರೆದಳು, ಕೊನೆಗೆ ಪೋಸ್ಟ್‌ಮ್ಯಾನ್ ಕೂಡ ಪಾಟಿ ಎನ್ನುತ್ತಿದ್ದ. ಅವರು ನನ್ನನ್ನು ‘ಪಾಪಾ’ ಎನ್ನುತ್ತಿದ್ದರು. ಓದು ಮುಗಿದು, ಕೆಲಸ ಸಿಕ್ಕಿ, ಮದುವೆಯಾಗಿ ಶಿವಮೊಗ್ಗದ ಗೋಪಾಳದಲ್ಲಿ ಮನೆ ಮಾಡಿದ ಮೇಲೂ ನಾನು ಪಾಪಾನೇ.

ಪಾಟಿಯ ಕಣ್ಣಿನ ಬಗ್ಗೆ ನಮ್ಮ ಸಾಲಿನಲ್ಲಿ ಒಂದು ಕಥೆ ಇತ್ತು. ಚೊಚ್ಚಲ ಬಾಣಂತನದಲ್ಲಿ ಯಾರು ಬೇಡವೆಂದರೂ ಕೇಳದೆ ಕಡ್ಡಿ ಹಿಡಿದು ಉಲ್ಲನ್ ಹೆಣೆದರಂತೆ, ಹಸಿ ಮೈಯಲ್ಲಿ ಕಣ್ಣಿಗೆ ಆಯಾಸವಾಗಿ ನರ ಸೋತು ಕಣ್ಣು ಹೋಯಿತಂತೆ. ಬಾಣಂತಿ ಓದಬಾರದು, ಹೊಲಿಯಬಾರದು ಎನ್ನುವುದು ಎಲ್ಲ ಕಡೆಯೂ ಇರುವ ಮಾತೇ. ಆದರೆ ನಮ್ಮಲ್ಲಿ ಅದಕ್ಕೆ ಎದುರುಮನೆಯಲ್ಲೇ ಸಾಕ್ಷಿ ಇತ್ತು. ಸಾಲಿನಲ್ಲಿ ಯಾವ ಹುಡುಗಿ ಹೆತ್ತು ಬಂದರೂ ಅವಳ ಅಮ್ಮ ಮೊದಲು ಮನೆಯ ಸೂಜಿ ಕತ್ತರಿಗಳನ್ನು ಎತ್ತಿಟ್ಟು, ‘ಪಾಟಿ ಕಣ್ಣು ನೋಡಿದೀಯಲ್ಲ’ ಎನ್ನುತ್ತಿದ್ದಳು. ಪಾಟಿ ಮಾತ್ರ ಯಾರಿಗೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಹೆಣೆಯುತ್ತಲೇ ಇದ್ದರು.

ನನಗೆ ಮಗಳು ಹುಟ್ಟಿದಾಗ ಬಾಣಂತನಕ್ಕೆ ಅಮ್ಮನ ಮನೆಗೆ ಬಂದೆ. ನೀರು ಹಾಕಲು ಹೊಳೆಹೊನ್ನೂರಿನಿಂದ ಅಮ್ಮನ ಅಕ್ಕ, ನಮ್ಮ ದೊಡ್ಡಮ್ಮ, ಬಂದಿಳಿದರು. ದೊಡ್ಡಮ್ಮ ಎಂದರೆ ಸುಮ್ಮನೆ ಅಲ್ಲ. ಅವರ ಕೈಯಲ್ಲಿ ನೀರು ಹಾಕಿಸಿಕೊಂಡ ಬಾಣಂತಿಯರು ತಾಲ್ಲೂಕಿನ ತುಂಬ ಇದ್ದಾರೆ. ಬಂದವರೇ ಕಿಟಕಿಗೆ ಕಂಬಳಿ ಹೊಡೆದರು, ನನ್ನ ಕಿವಿಗೆ ಹತ್ತಿ ತುರುಕಿದರು, ತಲೆಗೆ ಅಪ್ಪನ ಹಳೇ ಟವೆಲ್ ಬಿಗಿದರು, ಮೊಬೈಲ್ ಕಸಿದು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಬೆಳಿಗ್ಗೆ ಕುದಿಯುವ ನೀರು, ಆಮೇಲೆ ಸಾಂಬ್ರಾಣಿ ಹೊಗೆ, ಮೆಣಸಿನ ಸಾರು, ಮಲಗು. ಎಷ್ಟು ಮಲಗುವುದು? ಗೋಡೆ ನೋಡುತ್ತಾ ಮಲಗುವುದು.

ನಾನು ಗಟ್ಟಿ ಹೆಂಗಸು, ಬಾಯಿ ಜೋರು, ಆಫೀಸಿನಲ್ಲಿ ನನ್ನ ತಂಟೆಗೆ ಯಾರೂ ಬರುವುದಿಲ್ಲ. ಅಂಥವಳಿಗೆ ಆ ಕೋಣೆಯಲ್ಲಿ ಮಾತು ಬತ್ತಿಹೋಯಿತು. ಮಗು ಅತ್ತರೆ ನನ್ನ ಕೈ ಏಳುತ್ತಿರಲಿಲ್ಲ. ಅಮ್ಮ ತಂದು ಮಡಿಲಿಗೆ ಹಾಕಿದರೆ ಹಾಲು ಕೊಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಇದನ್ನು ಯಾರಾದರೂ ತೆಗೆದುಕೊಂಡು ಹೋಗಬಾರದೇ ಅನ್ನಿಸುತ್ತಿತ್ತು. ಒಂದೊಂದು ಸಲ ಅದಕ್ಕಿಂತ ಕೆಟ್ಟದ್ದೂ ಅನ್ನಿಸುತ್ತಿತ್ತು, ಆಗ ನನ್ನ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುತ್ತಿದ್ದೆ. ಬಾಗಿಲಾಚೆ ದೊಡ್ಡಮ್ಮ ಅಮ್ಮನ ಹತ್ತಿರ ‘ಸನ್ನಿ’ ಎಂದು ಪಿಸುಗುಟ್ಟಿದ್ದು ಹತ್ತಿ ತುರುಕಿದ ಕಿವಿಗೂ ಕೇಳಿಸಿತು. ಆ ಮಾತು ಒಮ್ಮೆ ಹೊರಗೆ ಹೋದರೆ ನಾನು ಜೀವಮಾನವಿಡೀ ಸನ್ನಿ ಹಿಡಿದವಳೇ. ಹಾಗಾಗಿ ಇಬ್ಬರೂ ಬಾಯಿ ಮುಚ್ಚಿಕೊಂಡರು. ಡಾಕ್ಟರ ಹೆಸರು ಎತ್ತಲಿಲ್ಲ.

ದೊಡ್ಡಮ್ಮ ಮಧ್ಯಾಹ್ನ ಊಟ ಮಾಡಿ ಗೊರಕೆ ಹೊಡೆಯುವ ಹೊತ್ತಿಗೆ ಪಾಟಿ ಬರುತ್ತಿದ್ದರು. ಕಂಬಳಿಯ ಒಂದು ಅಂಚು ಸರಿಸಿ ಆ ಬೆಳಕಿನ ಪಟ್ಟೆಯಲ್ಲಿ ಕೂತು ಸುಮ್ಮನೆ ಹೆಣೆಯುತ್ತಿದ್ದರು. ಏನೂ ಕೇಳುತ್ತಿರಲಿಲ್ಲ. ಹೇಗಿದೀಯ ಎಂದು ಕೇಳದಿದ್ದವರು ಆ ಮನೆಯಲ್ಲಿ ಅವರೊಬ್ಬರೇ. ಅದಕ್ಕೇ ಇರಬೇಕು, ಒಂದು ದಿನ ನಾನೇ ಬಾಯಿಬಿಟ್ಟೆ.

“ಪಾಟಿ, ನಂಗೆ ಇದನ್ನ ಎತ್ಕೊಳೋಕೆ ಇಷ್ಟ ಆಗ್ತಿಲ್ಲ.”

ಮಗುವನ್ನು ‘ಇದು’ ಎಂದೆ. ಪಾಟಿ ಎದೆ ಬಡಿದುಕೊಳ್ಳಲಿಲ್ಲ. ಹಾಲು ಒಡೆದಿದೆ ಎಂದರೆ ಅನ್ನುತ್ತಾರಲ್ಲ, ಹಾಗೆ “ಹೌದಾ” ಎಂದರು. ಸಾಲು ಮುಗಿಸಿ ಕಡ್ಡಿ ತಿರುಗಿಸಿಕೊಂಡರು. ಆಮೇಲೆ, ಇದು ಎಷ್ಟೋ ಜನಕ್ಕೆ ಆಗುತ್ತೆ, ಹೇಳುವವರು ಕಡಿಮೆ, ನೀನು ಹೇಳಿದೆಯಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದರು. ನಾನು ಅತ್ತುಬಿಟ್ಟೆ. ಹೆತ್ತ ಮೇಲೆ ಸರಿಯಾಗಿ ಅತ್ತದ್ದು ಅದೇ ಮೊದಲು.

ಮರುದಿನ ಅವರ ವೈರ್ ಬುಟ್ಟಿಯಲ್ಲಿ ಮೇಲೆ ಚಕ್ಕುಲಿಯಂಥ ಮುರುಕು, ಕೆಳಗೆ ಎರಡು ದಪ್ಪ ಕಡ್ಡಿ, ಒಂದು ಉಂಡೆ ಉಲ್ಲನ್. ತಿಳಿ ಹಳದಿ. ಕಪ್ಪು, ಕೆಂಪು ಕಲಿಯುವವರಿಗೆ ಬೇಡ, ಕುಣಿಕೆ ಕಾಣುವುದಿಲ್ಲ ಎಂದರು. ನನಗೆ ಹುಚ್ಚು ಹುಮ್ಮಸ್ಸು. ಬಸುರಿಯಾಗಿದ್ದಾಗ ಮೊಬೈಲಿನಲ್ಲಿ ಎದೆಯ ಮೇಲೆ ಆನೆ ಇರುವ ಮಗುವಿನ ಸ್ವೆಟರ್ ನೋಡಿದ್ದೆ, ಅದನ್ನೇ ಮಾಡುತ್ತೇನೆ ಎಂದೆ. ಪಾಟಿ ನಕ್ಕ ನಗೆಗೆ ದೊಡ್ಡಮ್ಮನ ಗೊರಕೆ ಒಂದು ಕ್ಷಣ ನಿಂತಿತು. ಸ್ವೆಟರ್ ಬೇಡ, ತೋಳು ಕುತ್ತಿಗೆ ಅಂತ ತಲೆನೋವು. ಟೋಪಿ ಬೇಡ, ಸುತ್ತಿನಲ್ಲಿ ಇಳಿಸುತ್ತಾ ಬರಬೇಕು. ಮಫ್ಲರ್ ಸುಲಭ, ಆದರೆ ಹನುಮಂತನ ಬಾಲ, ಮುಗಿಯುವುದೇ ಇಲ್ಲ, ಅರ್ಧಕ್ಕೆ ಬಿಸಾಡುತ್ತೀಯ. ಹೀಗೆ ಒಂದೊಂದನ್ನೇ ತಳ್ಳಿಹಾಕಿದರು. ಹೊಸಬರಿಗೆ ಬೇಸರ ಬರುವ ಮೊದಲು ಮುಗಿಯುವಂಥದ್ದು ಇರಬೇಕು, ಅಳತೆಯ ಕಾಟ ಇರಬಾರದು, ಒಂದೇ ಥರದ ಸೀದಾ ಹೆಣಿಗೆಯಲ್ಲಿ ಆಗಬೇಕು. ಅಂದರೆ ಕಿವಿಪಟ್ಟಿ. ನಾಲ್ಕು ಬೆರಳು ಅಗಲದ ಪಟ್ಟಿ, ತಲೆ ಸುತ್ತ ಬಂದರೆ ಸಾಕು.

ಆಯಿತು, ಮಗುವಿಗೆ ಕಿವಿಪಟ್ಟಿ ಎಂದೆ.

“ಮಗೂಗೆ ಅಲ್ಲ ಪಾಪಾ. ಮೊದಲನೇದು ನಿಂಗೆ. ಮಗೂಗೆ ಹಾಕೋಕೆ ಕೂತ್ರೆ ಒಂದು ಕುಣಿಕೆ ಜಾರಿದ್ರೂ ನಾನು ಕೆಟ್ಟ ಅಮ್ಮ ಅಂತೀಯ. ನಿಂಗೇ ಆದ್ರೆ ಯಾರಿಗೇನು? ತಪ್ಪಾದ್ರೆ ಉಲ್ಲನ್ ತಾನೇ, ಬಿಚ್ಚು.”

ಮೊದಲ ಸಾಲಿನ ಕುಣಿಕೆಗಳನ್ನು ಅವರೇ ಹಾಕಿಕೊಟ್ಟರು. ಕಡ್ಡಿ ತೂರಿಸು, ದಾರ ಸುತ್ತು, ಎಳೆ, ಬಿಡು. ಇಷ್ಟೇ. ಮೊದಮೊದಲು ನನ್ನ ಕೈ ಕಲ್ಲು; ಕುಣಿಕೆ ಎಷ್ಟು ಬಿಗಿ ಎಂದರೆ ಕಡ್ಡಿ ಒಳಗೆ ಹೋಗಲು ಒಪ್ಪುತ್ತಿರಲಿಲ್ಲ. ಉಲ್ಲನ್ನಿನ ಜೊತೆ ಜಗಳ ಆಡ್ತಿದೀಯ, ಆಡು ಆಡು, ಅದು ವಾಪಸ್ ಬೈಯಲ್ಲ ಎಂದು ಪಾಟಿ ಗೇಲಿ ಮಾಡುತ್ತಿದ್ದರು. ಮಧ್ಯಾಹ್ನ ಹೆಣೆದದ್ದನ್ನು ದಿಂಬಿನ ಕೆಳಗೆ ಮುಚ್ಚಿಡುತ್ತಿದ್ದೆ. ಒಂದು ಆಶ್ಚರ್ಯ ನಡೆಯಿತು. ನಾಳೆ ಮಧ್ಯಾಹ್ನ ಬರಲಿ ಎಂದು ನಾನು ಕಾಯತೊಡಗಿದೆ. ಅದಕ್ಕೆ ಮುಂಚೆ ಯಾವುದಕ್ಕೂ ಕಾಯುತ್ತಿರಲಿಲ್ಲ.

ಒಂದು ದಿನ ಹಾಸಿಗೆ ಒಣಗಿಸಲು ದಿಂಬು ಎತ್ತಿದಾಗ ಹೆಣಿಗೆ ದೊಡ್ಡಮ್ಮನಿಗೆ ಸಿಕ್ಕಿಬಿತ್ತು. ಹಾವು ಕಂಡವರ ಹಾಗೆ ಕೂಗಿದರು. ಪಾಟಿ ಆಗಷ್ಟೇ ಚಪ್ಪಲಿ ಬಿಟ್ಟು ಒಳಗೆ ಕಾಲಿಡುತ್ತಿದ್ದರು. ಅಮ್ಮ ಅಡುಗೆಮನೆಯಿಂದ ಓಡಿಬಂದು ಬಾಗಿಲಲ್ಲಿ ನಿಂತಳು. ದೊಡ್ಡಮ್ಮ ಕಡ್ಡಿಗಳನ್ನು ಪಾಟಿಯ ಮುಖದ ಮುಂದೆ ಹಿಡಿದರು.

“ಹಸೀ ಬಾಣಂತಿ ಕೈಗೆ ಇದನ್ನ ಕೊಡ್ತೀರಲ್ಲ. ನಿಮ್ಮ ಕಣ್ಣು ಕಳ್ಕೊಂಡಿದ್ದು ಸಾಲಲಿಲ್ವಾ?”

ಅದುವರೆಗೆ ಎಲ್ಲರೂ ಪಾಟಿಯ ಬೆನ್ನ ಹಿಂದೆ ಆಡಿದ್ದನ್ನು ಯಾರೂ ಎದುರಿಗೆ ಆಡಿರಲಿಲ್ಲ. ಪಾಟಿ ನನ್ನ ಮಂಚದ ಅಂಚಿನಲ್ಲಿ ಕೂತು, ಕಿವಿಯ ದಾರ ಬಿಚ್ಚಿ, ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. ಕನ್ನಡಕವಿಲ್ಲದೆ ಅವರನ್ನು ನಾನು ನೋಡಿದ್ದು ಆವತ್ತೇ.

ಅವರಿಗೆ ಕಣ್ಣು ಹೋದದ್ದು ಲಂಗ ಉಡುವ ವಯಸ್ಸಿನಲ್ಲಿ, ಅವರ ತಮಿಳು ಸೀಮೆಯ ಹಳ್ಳಿಯಲ್ಲಿ, ಮೈತುಂಬ ಅಮ್ಮ, ಅಂದರೆ ಸಿಡುಬು, ಎದ್ದಾಗ. ಮಿಷನ್ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಹುಡುಗಿ ಕಣ್ಣು ಉಜ್ಜಿಕೊಳ್ಳುವುದನ್ನು ಬಿಡುತ್ತಿರಲಿಲ್ಲ. ಕೈ ಕಟ್ಟಿಹಾಕುವ ಬದಲು ಅಲ್ಲಿನ ನರ್ಸಮ್ಮ ಎರಡು ಕಡ್ಡಿ ಕೊಟ್ಟು, ಕೈ ಅದರಲ್ಲೇ ಇರುವ ಹಾಗೆ ಹೆಣಿಗೆ ಕಲಿಸಿದಳು. ದೊಡ್ಡವಳಾದ ಮೇಲೆ ಹೆಣ್ಣು ನೋಡಲು ಬಂದವರ ಮುಂದೆ ಅವರಪ್ಪ ಮಗಳನ್ನು ದೀಪ ಹಚ್ಚುವ ಹೊತ್ತಿನಲ್ಲಿ ತಲೆ ತಗ್ಗಿಸಿ ಕೂರಿಸಿದರು. ನಾಚಿಕೆಯ ಹುಡುಗಿ ಎಂದು ಬಂದವರು ಮೆಚ್ಚಿಕೊಂಡು ಹೋದರು. ತಾಳಿ ಕಟ್ಟಿದ ಮೇಲೆ ಗೊತ್ತಾಯಿತು. ಗಂಡ ಒಳ್ಳೆಯವನು, ಏನೂ ಅನ್ನಲಿಲ್ಲ. ಅತ್ತೆಗೆ ಮಾತ್ರ, ಮೋಸಹೋದೆವು ಎಂದು ನಾಲ್ಕು ಜನಕ್ಕೆ ತಿಳಿದರೆ ಮರ್ಯಾದೆ ಪ್ರಶ್ನೆ. ಸೊಸೆಯನ್ನು ಹೊರಗೆ ಎಲ್ಲೂ ಕಳಿಸದೆ ಊರಲ್ಲೇ ಇಟ್ಟುಕೊಂಡು, ಚೊಚ್ಚಲ ಮಗು ಕಂಕುಳಿಗೆ ಬಂದ ಮೇಲೆ ಭದ್ರಾವತಿಗೆ ಕರೆತಂದರು. ಕ್ವಾರ್ಟರ್ಸಿನ ಹೆಂಗಸರು ಕಣ್ಣಿಗೇನಾಯಿತು ಎಂದಾಗ ಅತ್ತೆಯ ಬಾಯಲ್ಲಿ ಉತ್ತರ ಸಿದ್ಧವಾಗಿತ್ತು. ಬಾಣಂತಿ ಇದ್ದಾಗ ಉಲ್ಲನ್ ಹೆಣೆದಳು, ಹೋಯಿತು.

“ಕಣ್ಣು ಹೋದ್ಮೇಲೆ ಕಡ್ಡಿ ಬಂದಿದ್ದು ನಂಗೆ,” ಎಂದರು ಪಾಟಿ. “ಕಡ್ಡಿಯಿಂದ ಕಣ್ಣು ಹೋಗಿಲ್ಲ.”

ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅಮ್ಮ ಕೇಳಿದಳು. ಅತ್ತೆ ಇರುವವರೆಗೆ ಅತ್ತೆಯ ಮಾತು, ಆಮೇಲೆ ಮಕ್ಕಳ ಮದುವೆ, ಅದಾದ ಮೇಲೆ ಯಾರೂ ಕೇಳಲೂ ಇಲ್ಲ ಎಂದರು ಪಾಟಿ. ಕನ್ನಡಕವನ್ನು ಮತ್ತೆ ಕಿವಿಗೆ ಕಟ್ಟಿಕೊಂಡು ಮುಂದುವರಿಸಿದರು.

“ಈ ಸಾಲಲ್ಲಿ ಎಷ್ಟು ಹುಡುಗೀರು ನನ್ನ ಕಣ್ಣಿನ ಹೆಸರಲ್ಲಿ ಕತ್ತಲೇಲಿ ಕೈ ಕಟ್ಕೊಂಡು ಕೂತ್ರು. ನೋಡ್ತಾ ಇದ್ದೆ ನಾನು. ಇವಳು ಕೂರಬಾರದು.”

ಆಮೇಲೆ ನನ್ನ ಕಡೆ ತಿರುಗಿ, ಹೇಳಲಾ ಎನ್ನುವ ಹಾಗೆ ನೋಡಿದರು. ನಾನು ತಲೆಯಾಡಿಸಿದೆ. ನಿಮ್ಮ ಮಗಳಿಗೆ ಹುಷಾರಿಲ್ಲ, ಇದಕ್ಕೆ ಡಾಕ್ಟರ್ ಇದ್ದಾರೆ, ನಾಳೆ ಶಿವಮೊಗ್ಗಕ್ಕೆ ಹೋಗೋಣ, ನಾನೂ ಬರ್ತೀನಿ ಎಂದು ಅಮ್ಮನಿಗೆ ಹೇಳಿದರು. ಹಸಿ ಬಾಣಂತಿ ಹೊಳೆ ದಾಟಬಾರದು ಎಂದು ದೊಡ್ಡಮ್ಮ ಬಾಯಿ ತೆರೆದರು. ನಮ್ಮಮ್ಮ ಜೀವಮಾನದಲ್ಲಿ ಅಕ್ಕನಿಗೆ ಎದುರಾಡಿದವಳಲ್ಲ. ಆವತ್ತು ಅಕ್ಕನ ಕೈಯಿಂದ ಕಡ್ಡಿಗಳನ್ನು ಬಿಡಿಸಿಕೊಂಡು ನನ್ನ ಪಕ್ಕದಲ್ಲಿಟ್ಟು, ನಿನ್ನ ಗಂಡನಿಗೆ ಫೋನ್ ಮಾಡು, ಬೆಳಿಗ್ಗೆ ಕಾರು ತರಲಿ ಎಂದಳು. ದೊಡ್ಡಮ್ಮ ಬೀರುವಿನ ಬೀಗದಕೈಯನ್ನು ಮೇಜಿನ ಮೇಲೆ ಕುಕ್ಕಿ, ಬಚ್ಚಲ ಒಲೆಗೆ ಸೌದೆ ಒಟ್ಟಲು ಹೋದರು.

ಉಲ್ಲನ್ ಹೆಣೆದು ವಾಸಿಯಾಯಿತು ಎಂದು ಬರೆಯುವಷ್ಟು ದಡ್ಡಿ ನಾನಲ್ಲ. ಡಾಕ್ಟರಮ್ಮ ಕೊಟ್ಟ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗಿದೆ, ಅವರ ಹತ್ತಿರ ಕೂತು ಮಾತಾಡಿದೆ, ಅದರಿಂದ ವಾಸಿಯಾಯಿತು. ನುಂಗಿದ್ದಕ್ಕೆ ನನಗೆ ಯಾವ ನಾಚಿಕೆಯೂ ಇಲ್ಲ, ಬೇಕಾದವರು ಬೇಕಾದ್ದು ಅಂದುಕೊಳ್ಳಲಿ. ಆದರೆ ಆ ಕಡ್ಡಿ ಕೈಗೆ ಬರದಿದ್ದರೆ ಡಾಕ್ಟರ ಬಾಗಿಲವರೆಗೆ ನಾನು ಹೋಗುತ್ತಿರಲಿಲ್ಲ. ಎಲ್ಲಿಗೆ ಹೋಗಿರುತ್ತಿದ್ದೆನೋ, ಅದನ್ನು ಯೋಚಿಸುವುದಿಲ್ಲ.

ಕಿವಿಪಟ್ಟಿ ಕಿವಿಪಟ್ಟಿಯಾಗಲಿಲ್ಲ. ಪ್ರತಿ ಸಾಲಿನ ಶುರುವಿನಲ್ಲಿ ದಾರವನ್ನು ತಪ್ಪು ಕಡೆಯಿಂದ ಎಳೆಯುತ್ತಿದ್ದೆನಂತೆ, ಒಂದು ಕುಣಿಕೆ ಎರಡಾಗುತ್ತಿತ್ತು. ನಾಲ್ಕು ಬೆರಳಲ್ಲಿ ಶುರುವಾದದ್ದು ಹೋಗ್ತಾ ಹೋಗ್ತಾ ಮೊರದಷ್ಟು ಅಗಲವಾಯಿತು. ಒಂದು ದಿನ ಹರಡಿ ನೋಡಿ ಗಾಬರಿಯಾಗಿ, ಇಷ್ಟು ದಿನ ನೋಡ್ತಾ ಕೂತು ಯಾಕೆ ಹೇಳಲಿಲ್ಲ ಎಂದು ಪಾಟಿಯ ಮೇಲೆ ರೇಗಿದೆ.

“ನಂಗೆ ಒಂದೇ ಕಣ್ಣಲ್ವಾ ಪಾಪಾ, ಕಾಣ್ಲಿಲ್ಲ,” ಎಂದರು. ಶುದ್ಧ ಸುಳ್ಳಿ. ಇರುವೆ ಹರಿದರೂ ಕಾಣುವ ಕಣ್ಣು ಅದು.

ಬಿಚ್ಚಲು ಹೊರಟ ನನ್ನ ಕೈ ತಡೆದು, ಕೊನೆಯ ಸಾಲು ಮುಚ್ಚಿಸಿ, ಅಗಲದ ಕಡೆಯನ್ನು ನನ್ನ ಹಣೆಯ ಮೇಲೆ ತಂದು, ಎರಡು ಮೂಲೆ ಎಳೆದು ಗದ್ದದ ಕೆಳಗೆ ಕಟ್ಟಿದರು. ಕಿವಿ ಮುಚ್ಚಿತು, ನೆತ್ತಿ ಮುಚ್ಚಿತು, ಸಪೂರ ತುದಿ ಹಿಂದೆ ಕತ್ತಿನ ಮೇಲೆ ಇಳಿಯಿತು. ಅಪ್ಪನ ಟವೆಲಿಗೆ ಮುಕ್ತಿ ಸಿಕ್ಕಿತು. ಹಾಲು ಕೊಡುವಾಗ ಗದ್ದದ ಕೆಳಗೆ ನೇತಾಡುತ್ತಿದ್ದ ಗಂಟಿನ ಮೂಲೆಯನ್ನು ಮಗಳು ಮುಷ್ಟಿಯಲ್ಲಿ ಹಿಡಿದು ಎಳೆದಳು, ಬಿಡಲೇ ಇಲ್ಲ. ಬಿಡಿಸಿಕೊಳ್ಳಲು ನಾನು ಬಗ್ಗಬೇಕಾಯಿತು. ಬಗ್ಗಿದಾಗ ಅವಳ ಮುಖ ನೋಡಿದೆ. ನಗು ಬಂತು. ನನ್ನ ಹಾಗೇ ಜಗಳಗಂಟಿ.

ಪಾಟಿಯ ಉಳಿದೊಂದು ಕಣ್ಣೂ ಕೊನೆಯ ವರ್ಷಗಳಲ್ಲಿ ಮಂಜಾಗುತ್ತಾ ಬಂತು. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ ಎಂದು ಡಾಕ್ಟರು ಹೇಳಿದ್ದರು. ಅವರು ಕಡ್ಡಿ ಬಿಡಲಿಲ್ಲ. ನಾನು ಶಿವಮೊಗ್ಗದ ಗಾಂಧಿಬಜಾರಿನಿಂದ ಉಲ್ಲನ್ ಕೊಂಡು ಹೋಗಿ, ಇದು ನೇರಳೆ, ಇದು ಬಿಳಿ ಎಂದು ಹೇಳಿ ಕೈಗಿಡುತ್ತಿದ್ದೆ. ಬೆರಳಿನಲ್ಲಿ ಕುಣಿಕೆ ಮುಟ್ಟಿಕೊಂಡೇ ಹೆಣೆಯುತ್ತಿದ್ದರು. ಅಂಥ ಒಂದು ಭೇಟಿಯಲ್ಲಿ, ನನ್ನ ಕಣ್ಣಿನ ವಿಷಯ ಈಗ ಬೇಡ, ನಿಮ್ಮಮ್ಮನಿಗೂ ಹೇಳಿದೀನಿ, ಅಜ್ಜಿ ಹೇಳಿದ್ದು ಸುಳ್ಳು ಎಂದರೆ ಮಗನಿಗೆ ಬೇಜಾರಾಗುತ್ತೆ, ನಾನು ಹೋದ ಮೇಲೆ ಎಲ್ಲರಿಗೂ ಹೇಳು, ನಿಂಗೆ ಬಾಯಿ ಇದೆ ಎಂದಿದ್ದರು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ತಿಳಿದು ಗೋಪಾಳದಿಂದ ಓಡಿಹೋದೆ. ಜಗುಲಿಯಲ್ಲಿ ಮಲಗಿಸಿದ್ದರು, ಕನ್ನಡಕವಿರಲಿಲ್ಲ, ಕಣ್ಣುಗಳು ಮುಚ್ಚಿದ್ದವು. ಸಾಲಿನ ಹೆಂಗಸರು ಸುತ್ತ ಕೂತಿದ್ದರು. ಅವರಲ್ಲಿ ಒಬ್ಬಾಕೆ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಾ, ಪಾಪ, ಬಾಣಂತನದಲ್ಲಿ ಒಂದು ಕಣ್ಣು ಕಳಕೊಂಡರೂ ಬುದ್ಧಿ ಬರಲಿಲ್ಲ, ಆ ಕಡ್ಡಿ ಇನ್ನೊಂದನ್ನೂ ತಿಂದುಬಿಡ್ತು ಎಂದಳು. ಪಕ್ಕದಲ್ಲೇ ಅವಳ ಬಸುರಿ ಸೊಸೆ ತಲೆಯಾಡಿಸುತ್ತಾ ಕೂತಿದ್ದಳು. ನನಗೆ ಮೈಯೆಲ್ಲ ಉರಿದುಹೋಯಿತು. ಸಾವಿನ ಮನೆ, ಹೆಣದ ಮುಂದೆ, ದನಿ ಎತ್ತಬಾರದು, ಎಲ್ಲ ಗೊತ್ತು. ಎದ್ದು ನಿಂತು ಜಗುಲಿಗೆಲ್ಲ ಕೇಳುವ ಹಾಗೆ ಹೇಳಿದೆ. ಮೈಮೇಲೆ ಎದ್ದ ಅಮ್ಮ, ನರ್ಸಮ್ಮ, ದೀಪ ಹಚ್ಚುವ ಹೊತ್ತಿನ ಹೆಣ್ಣು ನೋಡುವ ಶಾಸ್ತ್ರ, ಅತ್ತೆಯ ಸುಳ್ಳು, ಒಂದೂ ಬಿಡಲಿಲ್ಲ. ನನ್ನ ಮಾತ್ರೆಗಳನ್ನೂ ಹೇಳಿದೆ. ಕೊನೆಗೆ ಆ ಬಸುರಿ ಹುಡುಗಿಯ ಕಡೆ ತಿರುಗಿ, ಹೆತ್ತ ಮೇಲೆ ಕೈಗೆ ಏನು ಬೇಕೋ ತಗೋ, ಯಾರ ಕಣ್ಣೂ ಹೋಗಲ್ಲ ಎಂದೆ.

ಪಾಟಿಯ ಹಿರಿಯ ಮಗ ಕಂಬಕ್ಕೆ ಒರಗಿ ನಿಂತಿದ್ದರು. ತಲೆಯೆಲ್ಲ ನೆರೆತ, ನಾವೆಲ್ಲ ಅಣ್ಣ ಎನ್ನುವ ಮನುಷ್ಯ. ಬೈಯುತ್ತಾರೆ, ಬೈಯಲಿ ಎಂದುಕೊಂಡೆ. ಅವರು ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದರು.

“ಹಂಗಾದ್ರೆ ಅಮ್ಮನ ಕಣ್ಣು ನಾನು ಹುಟ್ಟಿದಾಗ ಹೋಗಿದ್ದಲ್ವಾ?”

ಅಲ್ಲ ಅಣ್ಣ ಎಂದೆ. ಅವರು ಅಲ್ಲೇ ಕುಸಿದು ಕೂತು ಮಗುವಿನ ಹಾಗೆ ಅತ್ತರು. ಆ ಚೊಚ್ಚಲ ಮಗು ಅವರೇ ಎನ್ನುವುದು ನನಗೂ ಆಗಲೇ ಹೊಳೆದದ್ದು. ಇಡೀ ಜೀವಮಾನ ಅದನ್ನು ಹೊತ್ತುಕೊಂಡು ತಿರುಗಿದ್ದರು. ಪಾಟಿಯ ಮೇಲೆ ಆವತ್ತು ನನಗೆ ಕೋಪ ಬಂತು. ಈಗಲೂ ಇದೆ. ನನಗೋಸ್ಕರ ದೊಡ್ಡಮ್ಮನ ಎದುರು ಬಿಚ್ಚಿ ಹೇಳಿದ ಹೆಂಗಸು ಮಗನಿಗೆ ಹೇಳದೆ ಹೋದರು. ತಪ್ಪಾದ್ರೆ ಬಿಚ್ಚು ಎಂದು ನನಗೆ ಕಲಿಸಿದವರು ಅದೊಂದನ್ನು ಬಿಚ್ಚುವ ಕೆಲಸ ನನಗೆ ಬಿಟ್ಟು ಹೋದರು. ಬಿಚ್ಚಿದ್ದೇನೆ ಪಾಟಿ. ಇಲ್ಲಿ ಇನ್ನೊಮ್ಮೆ ಬಿಚ್ಚುತ್ತಿದ್ದೇನೆ, ಆವತ್ತು ಜಗುಲಿಯಲ್ಲಿ ಇಲ್ಲದವರೂ ಓದಲಿ ಎಂದು.

ಮೊನ್ನೆ ಹೊಳೆಹೊನ್ನೂರಿನಿಂದ ದೊಡ್ಡಮ್ಮ ಫೋನ್ ಮಾಡಿದ್ದರು. ಅವರ ಮೊಮ್ಮಗಳು ಹೆತ್ತು ಬಂದಿದ್ದಾಳೆ. ಅದು ಇದು ಮಾತಾಡಿದರು, ಅಡಿಕೆ ಕೊಯ್ಲಿಗೆ ಆಳು ಸಿಗುತ್ತಿಲ್ಲ ಎಂದರು, ನನ್ನ ಮಗಳ ಸ್ಕೂಲು ಕೇಳಿದರು. ಇನ್ನೇನು ಫೋನ್ ಇಡುತ್ತಾರೆ ಎನ್ನುವಾಗ ದನಿ ತಗ್ಗಿತು.

“ಅವಳು ಗೋಡೆ ನೋಡ್ಕೊಂಡು ಕೂತಿರ್ತಾಳೆ ಕಣೇ. ಡಾಕ್ಟರ್ ಹತ್ರ ನಾಳೆ ಕರ್ಕೊಂಡು ಹೋಗ್ತೀನಿ. ನೀನೂ ಬಾ. ಬರುವಾಗ ಆ ಕಡ್ಡಿ ತಗೊಂಡು ಬಾ.”

ಹಳೆಯದನ್ನೆಲ್ಲ ಎತ್ತಿ ಆಡಲು ನನ್ನ ನಾಲಿಗೆ ತುದಿಗೆ ಬಂದಿತ್ತು, ನಾನೂ ಏನು ಕಮ್ಮಿ ಅಲ್ಲ. ನುಂಗಿಕೊಂಡೆ. ಬರ್ತೀನಿ ಎಂದೆ. ಕಲಿಯುವವರಿಗೆ ಯಾವುದು ಸುಲಭ, ಮಗುವಿಗೊಂದು ಕುಲಾವಿ ಹಾಕಿಸೋಣವೇ ಎಂದು ದೊಡ್ಡಮ್ಮ ಕೇಳಿದರು. ಬೀರುವಿನಲ್ಲಿ ಆ ತಿಳಿ ಹಳದಿ ವಕ್ರ ವಸ್ತ್ರ ಇನ್ನೂ ಇದೆ, ಫೋನ್ ಕಿವಿಗಿಟ್ಟುಕೊಂಡೇ ಅದನ್ನು ಹೊರಗೆ ತೆಗೆದೆ.

“ಮಗೂಗೆ ಆಮೇಲೆ, ದೊಡ್ಡಮ್ಮ. ಮೊದಲನೇದು ಅವಳಿಗೆ.”